ಪಡುವಣ ಕಿಟಕಿಗೊಂದು ಮರ

ನನ್ನ ಚಿಕ್ಕಮ್ಮನನ್ನು ಪೇಟೆಯಲ್ಲಿ ಎಲ್ಲರೂ ಗುಂಡಿಯಮ್ಮ ಅಂತಲೇ ಕರೆಯುತ್ತಿದ್ದರು. ಬಟ್ಟೆ ಅಂಗಡಿಗಳ ಸಾಲಿನ ತುದಿಯಲ್ಲಿ ಅವಳ ಅಂಗಡಿ. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಹೊರಗೇ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಗುಂಡಿ, ಜಿಪ್ಪು, ದಾರ, ಸೂಜಿ, ಕೊಕ್ಕೆ, ಲೇಸು, ಇಷ್ಟೇ ಮಾಲು. ಗೋಡೆಯ ತುಂಬ ಗಾಜಿನ ಸೀಸೆಗಳು, ಸೀಸೆಗಳ ತುಂಬ ಗುಂಡಿಗಳು. ಕೋಟಿನ ಒಂದು ಗುಂಡಿ ಕಳೆದುಕೊಂಡವರು ಉಳಿದವನ್ನು ತೋರಿಸಿದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, ಬಾಗಿಲ ಬೆಳಕಿಗೆ ಒಮ್ಮೆ ಹಿಡಿದು ನೋಡಿ, ಹಿಂದಕ್ಕೆ ತಿರುಗದೆಯೇ ಕೈಚಾಚಿ ಬೇಕಾದ ಸೀಸೆಯನ್ನು ಎಳೆದುಕೊಳ್ಳುತ್ತಿದ್ದಳು. ಜೋಡಿ ಸಿಗದಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿಬಿಡುವಳು: "ಇದಕ್ಕೆ ಜೋಡಿ ಇಲ್ಲ. ಎಲ್ಲಾನೂ ಬದಲಾಯಿಸಿಬಿಡಿ. ಒಂದು ಗುಂಡಿ ದೆಸೆಯಿಂದ ಅಷ್ಟು ದೊಡ್ಡ ಕೋಟಿಗೆ ಯಾಕೆ ಅವಮಾನ?"

ಚಿಕ್ಕಪ್ಪ ಪೈಪಿನ ಕೆಲಸದವನು. ಊರಿಗೆ ನೀರು ಹರಿಸುವ ಕಚೇರಿಯಲ್ಲಿ ನೌಕರಿ. ರಸ್ತೆ ಅಗೆದು, ಒಡೆದ ಪೈಪು ಹುಡುಕಿ, ಬೆಸೆದು ಮುಚ್ಚುವುದು. ಅವನ ಅಂಗೈಗೆ ಯಾವಾಗಲೂ ಕಬ್ಬಿಣದ ವಾಸನೆ. "ಗಂಡ ಗುಂಡಿ ತೋಡೋನು, ಹೆಂಡತಿ ಗುಂಡಿ ಮಾರೋಳು, ಒಳ್ಳೇ ಜೋಡಿ" ಎಂದು ಪಕ್ಕದ ಬಟ್ಟೆ ಅಂಗಡಿಯವನು ನಗುತ್ತಿದ್ದ. ಅದನ್ನು ಅವನು ಹೇಳಿದಾಗಲೆಲ್ಲ ಚಿಕ್ಕಮ್ಮ ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು.

ಗಂಡ ಹೆಂಡತಿ ದಿನಾ ಜಗಳವಾಡುತ್ತಿದ್ದರು. ಮನೆ ಮುರಿಯುವ ಜಗಳವಲ್ಲ, ಊಟಕ್ಕೆ ಉಪ್ಪು ಹೇಗೋ ಹಾಗೆ ಅವರಿಗೆ ಜಗಳ. ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ, ಟೀಗೆ ಸಕ್ಕರೆ ಮೊದಲೋ ಹಾಲು ಮೊದಲೋ, ಛತ್ರಿಯನ್ನು ಬಿಚ್ಚಿ ಒಣಗಿಸಬೇಕೋ ಮಡಿಸಿಯೋ. ನಾನು ಎರಡು ಬೀದಿ ಆಚೆ ಇದ್ದವಳು. ಬೇಜಾರಾದಾಗ ಅವರ ಮನೆಗೆ ಹೋಗಿ ಕೂತರೆ ನಾಟಕಕ್ಕೆ ಟಿಕೆಟ್ ಇಲ್ಲದೆ ನುಗ್ಗಿದ ಹಾಗಿರುತ್ತಿತ್ತು.

ನಡುವೆ ತೀರ್ಪು ಕೊಡಲು ಒಬ್ಬಳೇ ಮಗಳು. ನಮ್ಮ ಮನೆಗಳಲ್ಲಿ ಅವಳ ಹೆಸರು ಮೆಣಸು. ಗಾತ್ರ ಚಿಕ್ಕದು, ಖಾರ ಜಾಸ್ತಿ. ದೊಡ್ಡವಳಾದ ಮೇಲೆ ಹಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ವೈದ್ಯರು ಕಳಿಸಿದ ಅಚ್ಚು ನೋಡಿಕೊಂಡು ಕಟ್ಟುವ ಹಲ್ಲು ತಯಾರಿಸುವುದು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಸ ಹಲ್ಲಿನ ಬಣ್ಣ ಕೂಡಬೇಕು, ಕೂಡದಿದ್ದರೆ ನಕ್ಕ ಕೂಡಲೇ ಗೊತ್ತಾಗುತ್ತದೆ. "ಅಮ್ಮ ಗುಂಡಿಗೆ ಜೋಡಿ ಹುಡುಕ್ತಾಳೆ, ನಾನು ಹಲ್ಲಿಗೆ. ನಮ್ಮದು ವಂಶಪಾರಂಪರ್ಯ ಕಸುಬು" ಎನ್ನುವಳು. ಅಪ್ಪ ಅಮ್ಮನ ಜಗಳದಲ್ಲಿ ಅವಳು ಯಾವತ್ತೂ ಒಬ್ಬರ ಕಡೆ ವಾಲಿದವಳಲ್ಲ. ಅಡುಗೆಮನೆಯಲ್ಲಿ ಅಮ್ಮನಿಗೆ ಹೂಂ, ಅಂಗಳದಲ್ಲಿ ಅಪ್ಪನಿಗೆ ಹೂಂ. ಇಬ್ಬರೂ ಗೆದ್ದೆವೆಂದುಕೊಂಡು ಮಲಗುತ್ತಿದ್ದರು.

ಬಹಳ ವರ್ಷ ಮಹಡಿಯ ಬಾಡಿಗೆ ಮನೆಯಲ್ಲಿದ್ದವರು ಕೊನೆಗೆ ಊರಂಚಿನಲ್ಲಿ ಒಂದು ಚಿಕ್ಕ ಮನೆ ಕಟ್ಟಿಸಿಕೊಂಡರು. ಸುತ್ತ ಬರಿಯ ಮಣ್ಣಿನ ಅಂಗಳ, ಒಂದು ಹುಲ್ಲುಕಡ್ಡಿಯೂ ಇಲ್ಲ. ಪಡುವಣ ದಿಕ್ಕಿನ ಕೋಣೆ ಮೆಣಸಿಗೆ ಬಂತು. ಆ ಕೋಣೆಯ ಗುಣ ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಮಧ್ಯಾಹ್ನ ಕಳೆದರೆ ಸೂರ್ಯ ನೇರ ಕಿಟಕಿಗೇ ಬಂದು ಕೂರುತ್ತಿದ್ದ. ಗೋಡೆ ಮುಟ್ಟಿದರೆ ಕೈ ಸುಡುವುದು. ಅಭ್ಯಾಸಕ್ಕೆಂದು ಅವಳು ಮೇಣದಲ್ಲಿ ಕೆತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟ ಹಲ್ಲುಗಳು ಒಂದು ಸಂಜೆ ಬಂದು ನೋಡಿದರೆ ಕುಡುಕರ ಹಾಗೆ ಒಂದರ ಮೇಲೊಂದು ವಾಲಿಕೊಂಡಿದ್ದವು. ಹಾಗಂತ ಆ ಕೋಣೆಯನ್ನು ಬಯ್ಯುವ ಹಾಗೂ ಇರಲಿಲ್ಲ. ಚಳಿಗಾಲದಲ್ಲಿ ಇಡೀ ಮನೆಗೆ ಬಿಸಿಲು ಬೀಳುತ್ತಿದ್ದ ಜಾಗ ಅದೊಂದೇ. ರಜೆಯ ಮಧ್ಯಾಹ್ನ ಮೂವರೂ ಅವಳ ಹಾಸಿಗೆಯ ಮೇಲೆ ಕಾಲು ಚಾಚಿ, ಬೆಕ್ಕುಗಳ ಹಾಗೆ ಬಿಸಿಲು ಕಾಯಿಸುತ್ತ ಬಿದ್ದಿರುತ್ತಿದ್ದರು.

"ಕಿಟಕಿ ಮುಂದೆ ಮರ ಬೇಕು" ಎಂದ ಚಿಕ್ಕಪ್ಪ. "ಆದರೆ ವರ್ಷವಿಡೀ ಹಸಿರಾಗಿರೋದಲ್ಲ, ಎಲೆ ಉದುರಿಸೋದು. ಸೆಕೆಯಲ್ಲಿ ಛತ್ರಿ ಹಿಡೀಬೇಕು, ಚಳಿಯಲ್ಲಿ ಛತ್ರಿ ಮಡಿಸಬೇಕು."

ಇದಕ್ಕೆ ಚಿಕ್ಕಮ್ಮ ಒಪ್ಪಿದಳು. ಅವರಿಬ್ಬರೂ ಒಪ್ಪಿದ್ದು ಅಲ್ಲಿಗೆ ಮುಗಿಯಿತು. ಯಾವ ಮರ ಎನ್ನುವ ಮಾತು ಬಂದ ಕೂಡಲೇ ಅವಳು ಜಕರಂದ ಎಂದಳು, ಅವನು ಕಕ್ಕೆ ಎಂದ.

ಒಂದು ಭಾನುವಾರ ನಾಲ್ಕೂ ಜನ ನರ್ಸರಿಗೆ ಹೋದೆವು. ನರ್ಸರಿಯವನು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ, ಮಾತಿಗಿಂತ ಮೊದಲು ನಿಟ್ಟುಸಿರು ಬಿಡುವ ಮನುಷ್ಯ. ಎರಡೂ ಸಸಿ ಅಕ್ಕಪಕ್ಕ ಇಟ್ಟ. ಜಕರಂದದ ಎಲೆ ಹಕ್ಕಿಯ ಗರಿಯಂತೆ ನಯ, ಕಕ್ಕೆಯದು ಅಗಲ, ಹೊಳಪು.

"ಜಕರಂದ ಬೇಗ ಬೆಳೆಯುತ್ತೆ" ಎಂದ ಅವನು. "ಹೂ ಬಿಟ್ಟಾಗ ನೆಲಾನೂ ನೀಲಿ, ಆಕಾಶಾನೂ ನೀಲಿ. ನೆರಳು ಮಾತ್ರ ತೆಳು, ಜರಡಿ ಹಿಡಿದ ಹಾಗೆ. ಬೇರು ಮೇಲ್ಮೇಲೇ ಹರಡುತ್ತೆ. ಗೋಡೆಯಿಂದ ದೂರ ನೆಡಬೇಕು."

"ಕೇಳಿಸ್ತಾ? ಬೇರು ಹರಡುತ್ತೆ!" ಚಿಕ್ಕಪ್ಪ ನಮ್ಮ ಕಡೆ ತಿರುಗಿದ. "ಬೇರು ಪೈಪಿನೊಳಗೆ ಕೂದಲಿನ ಹಾಗೆ ತುಂಬಿಕೊಂಡಿರೋದನ್ನ ನಾನು ಎಷ್ಟು ಸಲ ಕೈಯಿಂದ ಎಳೆದಿದೀನಿ ಗೊತ್ತಾ? ಸಣ್ಣ ಎಲೆ ಬೇರೆ. ಟೀಪುಡಿ ಹಾಗೆ ಉದುರಿ ಸೂರಿನ ಕೊಳವೆ ಕಟ್ಟುತ್ತೆ."

"ಕಕ್ಕೆ ಬಗ್ಗೆ ಹೇಳಪ್ಪ" ಎಂದಳು ಚಿಕ್ಕಮ್ಮ.

"ಕಕ್ಕೆ ನಿಧಾನ. ಮೊದಲು ಕೆಳಗೆ ಬೆಳೆಯುತ್ತೆ, ಗೂಟದ ಹಾಗೆ ಒಂದೇ ಬೇರು. ಆಮೇಲೆ ಮೇಲೆ. ನೆರಳು ಚೆನ್ನಾಗಿರುತ್ತೆ. ಹೂವು ಚಿನ್ನದ ಜಡೆ ಇಳಿಬಿಟ್ಟ ಹಾಗೆ. ಆದರೆ ಕಾಯಿ ಉದ್ದಕ್ಕೆ ಕರ್ರಗೆ ಕೋಲು ಥರ ತೂಗುತ್ತೆ, ಒಡೆದರೆ ಒಳಗೆ ಅಂಟು, ವಾಸನೆ."

"ಕೇಳಿಸ್ತಾ? ವಾಸನೆ!" ಈಗ ಅವಳ ಸರದಿ. "ಮಗಳ ಕಿಟಕಿ ಮುಂದೆ ಕರೀ ಕೋಲು ನೇತು ಹಾಕ್ತಾರಂತೆ ಇವರು. ದೆವ್ವದ ಮನೆಗೆ ತೋರಣ."

"ಎರಡೂ ಚಳಿ ಶುರುವಾದ ತಕ್ಷಣ ಬೋಳಾಗಲ್ಲ, ಅದನ್ನೂ ತಿಳ್ಕೊಳ್ಳಿ" ಎಂದ ನರ್ಸರಿಯವನು, ಮತ್ತೊಂದು ನಿಟ್ಟುಸಿರಿನ ನಂತರ. "ಚಳಿ ಮುಗಿಯೋ ಹೊತ್ತಿಗೆ ಉದುರಿಸ್ತವೆ. ಮರಕ್ಕೆ ನಿಮ್ಮ ಕ್ಯಾಲೆಂಡರ್ ಗೊತ್ತಿರಲ್ಲ."

ಅವರು ಮೂವರೂ ಮುಂದೆ ವಾದಿಸುತ್ತಿದ್ದಾಗ ಮೆಣಸು ನನ್ನ ತೋಳು ಹಿಡಿದು ಹಿಂದಕ್ಕೆಳೆದಳು. ಹೂಕುಂಡಗಳ ನಡುವೆ ನಿಂತು ಪಿಸುಗುಟ್ಟಿದಳು: "ಅಮ್ಮನ ಹತ್ರ ಜಕರಂದ ಅಂದಿದೀನಿ, ಅಪ್ಪನ ಹತ್ರ ಕಕ್ಕೆ ಅಂದಿದೀನಿ. ಇಬ್ಬರೂ ಖುಷಿಯಾಗಿದಾರೆ. ನೀನು ಬಾಯಿ ಬಿಡಬೇಡ."

"ನಿಜವಾಗಿ ನಿನಗೆ ಯಾವುದು ಬೇಕು?"

"ನನಗಾ?" ಅವಳು ಕಿಸಕ್ಕನೆ ನಕ್ಕಳು. "ಒಂದು ದಪ್ಪ ಪರದೆ ಹೊಲಿದು ಕೊಟ್ಟರೆ ಸಾಕಾಗಿತ್ತು ಕಣೇ. ಈ ಮರ ದೊಡ್ಡದಾಗೋದರೊಳಗೆ ನಾನು ಅಜ್ಜಿಯಾಗಿರ್ತೀನಿ. ಆದರೂ ಬಿಡು, ಇಬ್ಬರಿಗೂ ಎಷ್ಟು ಸಂಭ್ರಮ ನೋಡು."

ಮಳೆ ಬೀಳುವ ತನಕ ಸಸಿ ನೆಡಬೇಡಿ, ಗುಂಡಿ ಮಾತ್ರ ತೋಡಿ ಬಿಸಿಲಿಗೆ ಬಿಡಿ ಎಂದು ನರ್ಸರಿಯವನು ಹೇಳಿ ಕಳಿಸಿದ. ಮಾರನೆಯ ದಿನವೇ ಚಿಕ್ಕಪ್ಪ ಗುದ್ದಲಿ ಹಿಡಿದ. ಕಿಟಕಿಯಿಂದ ಎಷ್ಟು ದೂರ ಎನ್ನುವುದಕ್ಕೆ ಮತ್ತೊಂದು ಜಗಳವಾಯಿತು. ಗುಂಡಿ ಆಯಿತು. ಮಳೆಗಾಲ ಇನ್ನೂ ದೂರವಿತ್ತು.

ಆ ಬೇಸಿಗೆಯ ಒಂದು ಬೆಳಿಗ್ಗೆ ಮೆಣಸು ಎಂದಿನಂತೆ ಕೆಲಸಕ್ಕೆ ಹೋದಳು. ಬಸ್ಸಿನ ಹೊತ್ತಾಯಿತೆಂದು ಬ್ರೆಡ್ಡಿನ ತುಂಡನ್ನು ಬಾಯಲ್ಲಿ ಕಚ್ಚಿಕೊಂಡೇ ಚಪ್ಪಲಿ ಮೆಟ್ಟಿದಳಂತೆ. ಲ್ಯಾಬಿನಲ್ಲಿ ಯಾರದೋ ಮುಂದಿನ ಹಲ್ಲಿಗೆ ಬಣ್ಣ ಹಚ್ಚುತ್ತಿದ್ದವಳು ಕುಂಚ ಕೆಳಗಿಟ್ಟು, "ತಲೆ ಯಾಕೋ ಸೀಳಿ ಹೋಗೋ ಹಾಗೆ ನೋಯ್ತಿದೆ" ಎಂದಳಂತೆ. ಪಕ್ಕದವಳು ನೀರು ತರುವಷ್ಟರಲ್ಲಿ ಮೇಜಿನ ಮೇಲೆ ತಲೆಯಿಟ್ಟಿದ್ದಳು. ನಿದ್ದೆ ಬಂದವಳ ಹಾಗೆ.

ಮಿದುಳಿನೊಳಗೆ ಒಂದು ರಕ್ತನಾಳ ಒಡೆದಿತ್ತು. ಹುಟ್ಟಿನಿಂದಲೇ ಅಲ್ಲಿ ತೆಳುವಾಗಿದ್ದಿರಬೇಕು, ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದರು ವೈದ್ಯರು. ಯಾರ ತಪ್ಪೂ ಇರಲಿಲ್ಲ. ಬಯ್ಯಲು ಒಬ್ಬ ಮನುಷ್ಯನೂ ಸಿಗದ ಸಾವು ಅದು. ಚಿಕ್ಕಪ್ಪ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಕೆಲಸದ ಬೂಟಿನಲ್ಲೇ ನಿಂತಿದ್ದ. ಬೂಟಿನ ತುಂಬ ರಸ್ತೆಯ ಕೆಸರು, ಅದು ಒಣಗಿ ಹಾಲುಬಿಳುಪಿನ ನೆಲದ ಮೇಲೆ ಉದುರುತ್ತಿತ್ತು. ಅವನು ಮತ್ತೆ ಮತ್ತೆ ಬಗ್ಗಿ ಅದನ್ನು ಕೈಯಿಂದ ಗುಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. "ಪೈಪ್ ಒಡೆದರೆ ಮೇಲಿನ ವಾಲ್ವ್ ಮುಚ್ಚಿಬಿಡ್ತೀವಿ" ಎಂದು ನನಗೆ ಹೇಳಿದ. "ಇವರು ಯಾಕೆ ಮುಚ್ಚಲಿಲ್ಲ?" ಹೊತ್ತು ಮುಳುಗುವ ಮೊದಲು ಮೆಣಸು ಹೋಗಿಬಿಟ್ಟಳು.

ಆಮೇಲಿನ ದಿನಗಳಲ್ಲಿ ಜನ ಬಂದರು, ಕೂತರು, ಎದ್ದು ಹೋದರು. ಚಿಕ್ಕಮ್ಮ ಅಳುತ್ತಿದ್ದಳು, ಚಿಕ್ಕಪ್ಪ ಅಳುತ್ತಿರಲಿಲ್ಲ. ನನ್ನನ್ನು ಹೆದರಿಸಿದ್ದು ಅದೊಂದೂ ಅಲ್ಲ. ಅವರು ಜಗಳವಾಡುವುದನ್ನು ನಿಲ್ಲಿಸಿದ್ದರು. "ಟೀ ಬೇಕಾ?" "ಹೂಂ." "ಸಕ್ಕರೆ?" "ಹಾಕು, ಬಿಡು, ಹೇಗಾದರೂ ಸರಿ." ಅಡ್ರೆಸ್ಸು ಕೇಳುವ ದಾರಿಹೋಕರ ಮಾತಿನ ಹಾಗೆ ಎಷ್ಟು ಬೇಕೋ ಅಷ್ಟು. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋಗುವರು, ಸಂಜೆ ಬಂದು ಒಂದೇ ಕೋಣೆಯ ಎರಡು ಮೂಲೆಯಲ್ಲಿ ಕೂರುವರು.

ಮಳೆ ಬಿತ್ತು. ಒಂದು ದಿನ ನಾನು ಗೇಟು ತೆರೆಯುವಾಗಲೇ ಒಳಗಿನಿಂದ ಏರಿದ ದನಿಗಳು ಕೇಳಿಸಿದವು. ಒಂದು ಗಳಿಗೆ ನನ್ನ ಎದೆ ಹಗುರಾಯಿತು, ಅಬ್ಬಾ, ಜಗಳ ಆಡ್ತಿದಾರೆ ಎಂದು. ಹತ್ತಿರ ಹೋದರೆ ಅದು ಬೇರೆಯೇ ಜಗಳ.

ಅಂಗಳದ ಗುಂಡಿಯ ಆಚೆಗೊಂದು ಈಚೆಗೊಂದು ನರ್ಸರಿಯ ಕಪ್ಪು ಚೀಲಗಳು. ಒಂದರಲ್ಲಿ ಜಕರಂದ, ಒಂದರಲ್ಲಿ ಕಕ್ಕೆ. ಒಬ್ಬರಿಗೊಬ್ಬರು ಹೇಳದೆ ಹೋಗಿ ತಂದಿದ್ದರು.

"ನನ್ನ ಹತ್ರ ಹೇಳಿದ್ಲು" ಎನ್ನುತ್ತಿದ್ದಳು ಚಿಕ್ಕಮ್ಮ, "ಅಡುಗೆಮನೆಯಲ್ಲಿ, ಬಾಗಿಲಿಗೆ ಒರಗಿಕೊಂಡು. ಅಮ್ಮಾ, ಜಕರಂದವೇ ಇರಲಿ ಅಂದ್ಲು. ಅವಳು ಕೇಳಿದ ಒಂದು ಮರ, ಅದನ್ನೂ ನೆಡೋಕೆ ಬಿಡಲ್ವಾ ನೀವು?"

"ನನ್ನ ಹತ್ರ ಕಕ್ಕೆ ಅಂದ್ಲು. ಗುಂಡಿ ತೋಡೋವಾಗ ಇಲ್ಲೇ ಕೂತಿದ್ಲು, ಈ ಕಲ್ಲಿನ ಮೇಲೆ."

"ಸುಳ್ಳು."

"ಸತ್ತ ಮಗಳ ಮೇಲೆ ನಾನು ಸುಳ್ಳು ಹೇಳ್ತೀನಾ?"

ಇಬ್ಬರೂ ನನ್ನನ್ನು ನೋಡಿದರು. ನನಗೆ ಗೊತ್ತಿದ್ದುದನ್ನು ಹೇಳಿದೆ. ಅವಳು ಇಬ್ಬರಿಗೂ ಹೂಂ ಅಂದಿದ್ದು, ಇಬ್ಬರ ಸಂಭ್ರಮ ನೋಡಿ ನಕ್ಕಿದ್ದು. ಹೇಳಿದರೆ ಇಬ್ಬರಿಗೂ ಸಮಾಧಾನವಾದೀತು, ಅವಳ ನಗು ನೆನಪಾಗಿ ಇವರೂ ಒಮ್ಮೆ ನಕ್ಕಾರು ಎಂದುಕೊಂಡೆ. ಪರದೆಯ ಮಾತನ್ನೂ ಹೇಳಿದೆ.

ಚಿಕ್ಕಪ್ಪ ನಿಧಾನವಾಗಿ ಆ ಕಲ್ಲಿನ ಮೇಲೆ ಕೂತ. "ಪರದೆ ಕೇಳಿದ್ಲಾ?" ಎಂದ. "ಒಂದು ಪರದೆ..."

ಪಕ್ಕದಂಗಡಿಯಲ್ಲೇ ಬಟ್ಟೆ ಇತ್ತು. ದಾರ, ಸೂಜಿ, ಕೊಕ್ಕೆ ಎಲ್ಲ ಚಿಕ್ಕಮ್ಮನ ಅಂಗಡಿಯಲ್ಲೇ ಇತ್ತು. ಒಂದು ಮಧ್ಯಾಹ್ನದ ಕೆಲಸ. ಆ ಬೇಸಿಗೆಯಿಡೀ ಅವರು ಮರದ ಬಗ್ಗೆ ವಾದಿಸುತ್ತಿದ್ದಾಗ ಮಗಳು ಸುಡುವ ಕೋಣೆಯಲ್ಲಿ ಮಲಗಿ ಎದ್ದಿದ್ದಳು. ಚಿಕ್ಕಮ್ಮ ಅಂಗಡಿಯಲ್ಲಿ ತೊಡುವ ಮೇಲಂಗಿಯ ಅಂಚನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸಸಿಗಳು ಚೀಲದಲ್ಲೇ ಉಳಿದವು.

ಮರುದಿನ ಅವಳು ಅಂಗಡಿ ತೆರೆಯಲಿಲ್ಲ. ಎಲ್ಲಕ್ಕಿಂತ ದಪ್ಪದ ಕಡುನೀಲಿ ಬಟ್ಟೆ ತಂದು, ಒಳಗೆ ಅಸ್ತರು ಕೊಟ್ಟು, ಅಂಚು ಮಡಿಸಿ ಪರದೆ ಹೊಲಿದಳು. ನಾನು ಕುರ್ಚಿ ಹಿಡಿದುಕೊಂಡೆ, ಅವಳು ಹತ್ತಿ ನೇತುಹಾಕಿದಳು. ಪರದೆ ಎಳೆದ ಕೂಡಲೇ ಕೋಣೆ ಬಾವಿಯ ಹಾಗೆ ತಣ್ಣಗೆ ಕತ್ತಲಾಯಿತು. ಒಪ್ಪವಾಗಿ ಹಾಸಿದ ಮಂಚ, ಮೇಜಿನ ಮೇಲೆ ಮೇಣದ ಚೂರು, ಮಂಚದಡಿ ಜೋಡಿಸಿಟ್ಟ ಮಗಳ ಚಪ್ಪಲಿ. ಕೆಲಸದಿಂದ ಬಂದ ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೋಡಿದ.

"ತೆಗಿ ಅದನ್ನ."

"ಅವಳು ಕೇಳಿದ್ದು."

"ಯಾರಿಗೆ ಹಾಕಿದೀಯ ಅದನ್ನ? ಯಾರು ಮಲಗ್ತಾರೆ ಇಲ್ಲಿ?"

ಅವಳು ಪರದೆಯ ನೆರಿಗೆ ಸರಿಮಾಡುತ್ತಲೇ ಇದ್ದಳು.

ಅದಾಗಿ ಕೆಲವು ದಿನಕ್ಕೆ, ಅವಳು ಅಂಗಡಿಯಲ್ಲಿದ್ದ ಹೊತ್ತು ನೋಡಿ ಚಿಕ್ಕಪ್ಪ ಕಕ್ಕೆ ನೆಟ್ಟ. ಯಾಕೆ ಎಂದು ಬಹಳ ಕಾಲದ ನಂತರ ನನ್ನ ಹತ್ತಿರ ಹೇಳಿದ. ಚೀಲದಲ್ಲಿ ಆ ಸಸಿಯ ಎಲೆ ಹಳದಿಯಾಗುತ್ತಿತ್ತಂತೆ. ದಿನಾ ಬೆಳಿಗ್ಗೆ ಅದನ್ನು ನೋಡಿಕೊಂಡು ಹೋಗಬೇಕಿತ್ತಂತೆ. "ಗೆಲ್ಲೋಕಲ್ಲ ಕಣಮ್ಮ. ಈ ಮನೆಯಲ್ಲಿ ಇನ್ನೊಂದು ಜೀವ ಕಣ್ಮುಂದೆ ಹೋಗೋದು ಬೇಡ ಅನ್ನಿಸ್ತು ಅಷ್ಟೇ." ಗೋಡೆಗೆ ಒರಗಿಸಿಟ್ಟ ಜಕರಂದವನ್ನೂ ಅಷ್ಟೇ ಜೋಪಾನವಾಗಿ ಒಂದು ದೊಡ್ಡ ಡಬ್ಬಕ್ಕೆ ಬದಲಾಯಿಸಿ ನೀರು ಹಾಕಿದ್ದ. ಅದು ಅವಳ ಕಣ್ಣಿಗೆ ಬೀಳಲೇ ಇಲ್ಲ.

ಸಂಜೆ ಚಿಕ್ಕಮ್ಮ ಬಂದಳು. ಚೀಲ ಕೈಯಿಂದ ಜಾರಿ ಬಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಅವಳು ಮಂಡಿಯೂರಿ ಎರಡೂ ಕೈಯಲ್ಲಿ ಆ ಸಸಿಯನ್ನು ಹಿಡಿದು ಎಳೆದಳು. ಅದು ಸುಲಭವಾಗಿ ಬರಲಿಲ್ಲ. ಹಸಿಮಣ್ಣು ಕೈಬಿಡಲಿಲ್ಲ. ಅವಳು ಹಲ್ಲು ಕಚ್ಚಿ ಇಡೀ ಮೈಯ ಭಾರ ಹಾಕಿ ಜಗ್ಗಿದಳು. ಕೊನೆಗೆ ಗೂಟದಂಥ ಬೇರು ನಡುವಿನಲ್ಲಿ ಪಟ್ಟೆಂದು ಮುರಿದು ಅವಳು ಹಿಂದಕ್ಕೆ ಬಿದ್ದಳು.

"ನನ್ನನ್ನ ಕೇಳದೆ ಮುಚ್ಚಿಬಿಟ್ರಾ ಗುಂಡಿ?" ಅವಳು ಕೂಗಿದಳು. "ಮುಗೀತಾ ನಿಮಗೆ? ಅಷ್ಟು ಬೇಗ ಮುಗೀತಾ?"

ಚಿಕ್ಕಪ್ಪ ಅವಳನ್ನು ಎಬ್ಬಿಸಿ ನಿಲ್ಲಿಸಿದ, ಅಂಗೈಯ ಮಣ್ಣು ಒರೆಸಿದ. ಆಮೇಲೆ ಸಸಿಯನ್ನೆತ್ತಿ ನಲ್ಲಿಯಡಿ ತೊಳೆದು, ಮುರಿದ ತುದಿಗೆ ಒದ್ದೆ ಬಟ್ಟೆ ಸುತ್ತಿ ಬಕೆಟ್ಟಿನಲ್ಲಿಟ್ಟ. ಕಕ್ಕೆಗೆ ಬೇರು ಹೋದರೆ ಎಲ್ಲ ಹೋದ ಹಾಗೆ. ವಾರದೊಳಗೆ ಎಲೆಯೆಲ್ಲ ಮುದುಡಿ ಕಂದಾಯಿತು. ಅದೇ ವಾರ ಅವನು ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡು, ಕಚೇರಿಯ ಪಂಪಿನ ಮನೆಯ ಮೇಲಿದ್ದ ಕಾವಲಿನವರ ಕೋಣೆಗೆ ಹೋದ. ಪಂಪು ನೋಡಿಕೊಳ್ಳೋಕೆ ಅಲ್ಲಿ ಯಾರಾದರೂ ಇರಲೇಬೇಕು ಎಂಬ ನೆಪ ಹೇಳಿದ. ಚಿಕ್ಕಮ್ಮ ಬಾಗಿಲವರೆಗೆ ಬಂದು, "ಛತ್ರಿ ತಗೊಂಡು ಹೋಗಿ" ಎಂದಳು. ತಗೊಂಡು ಹೋದ.

ಡಬ್ಬದಲ್ಲಿದ್ದ ಜಕರಂದ ನೋಡುವವರಿಲ್ಲದೆ ಒಣಗಿತು. ಚಿಕ್ಕಮ್ಮ ಅದನ್ನು ನೆಡಲೂ ಇಲ್ಲ, ಎಸೆಯಲೂ ಇಲ್ಲ. ಒಂದು ದಿನ ಬೇರೆ ಕಸದ ಜೊತೆ ಅದೂ ಹೋಯಿತು.

ಅವಳು ತೆಳ್ಳಗಾದಳು. ಅಂಗಡಿಗೆ ಹೋಗುತ್ತಿದ್ದಳು, ಗುಂಡಿಗೆ ಜೋಡಿ ಹುಡುಕಿ ಕೊಡುತ್ತಿದ್ದಳು, ಆದರೆ ಜೋಡಿ ಸಿಗದಿದ್ದರೆ ತಮಾಷೆ ಮಾಡುತ್ತಿರಲಿಲ್ಲ, ಸುಮ್ಮನೆ ತಲೆಯಾಡಿಸುತ್ತಿದ್ದಳು. ಒಂದು ಸಲ ನನ್ನ ಮುಂದೆ ಕೈ ಚಾಚಿ ಕೇಳಿದಳು: "ಈ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೇ? ಅವಳನ್ನ ಹಿಡ್ಕೊಳ್ಳೋಕೆ ಇಲ್ಲದ ಬಲ?"

ವರ್ಷ ತಿರುಗಿತು. ಒಂದು ಮಧ್ಯಾಹ್ನ ಅವಳು ಒಬ್ಬಳೇ ನರ್ಸರಿಗೆ ಹೋದಳು. ಕಕ್ಕೆ ಬೇಕು ಎಂದಳು. ನರ್ಸರಿಯವನು ನಿಟ್ಟುಸಿರು ಬಿಟ್ಟು, "ಕಕ್ಕೆಗೆ ಎತ್ತಂಗಡಿ ಅಷ್ಟಾಗಿ ಆಗಿಬರಲ್ಲ. ನೆಡೋ ಜಾಗದಲ್ಲೇ ಬೀಜ ಹಾಕಿ" ಎಂದು ಒಂದು ಕರೀ ಕೋಲನ್ನೇ ಮುರಿದು ಕೊಟ್ಟ. ಒಳಗಿನ ಬೀಜ ಕಲ್ಲಿನಂತೆ ಗಟ್ಟಿ. ಹಾಗೇ ಹಾಕಿದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತವಂತೆ. ಸಿಪ್ಪೆಯನ್ನು ಒರಟು ಕಲ್ಲಿಗೆ ಉಜ್ಜಿ ತೆಳುವಾಗಿಸಬೇಕು, ಆಗಲೇ ನೀರು ಒಳಗೆ ಇಳಿಯುವುದು. ಅವಳು ಅಂಗಳದ ಮೆಟ್ಟಿಲ ಮೇಲೆ ಕೂತು ಒಂದೊಂದೇ ಬೀಜ ಉಜ್ಜಿದಳು. ಕಪ್ಪು ಅಂಟು ಉಗುರಿನ ಸಂದಿಗೆ ಹೋಯಿತು, ವಾಸನೆ ಕೈಬಿಡಲಿಲ್ಲ. ಮುಖ ಸಿಂಡರಿಸಲೂ ಇಲ್ಲ. ಹಳೆಯ ಗುಂಡಿಯ ಜಾಗದಲ್ಲೇ ಹಾಕಿದಳು.

ಒಂದು ಬೀಜ ಮೊಳೆಯಿತು.

ಚಿಕ್ಕಪ್ಪ ಭಾನುವಾರ ಬರುತ್ತಿದ್ದ. ನಲ್ಲಿ ಸೋರುತ್ತದೆಯೋ ನೋಡಲು ಎಂಬ ಹೆಸರಿನಲ್ಲಿ. ಸೋರದ ನಲ್ಲಿಯನ್ನೂ ಬಿಚ್ಚಿ ಜೋಡಿಸಿ, ಟೀ ಕುಡಿದು ಹೋಗುತ್ತಿದ್ದ. ಮೊಳಕೆ ನೋಡಿದ ಮುಂದಿನ ಭಾನುವಾರ ಅಗಲವಾದ ಪೈಪಿನ ತುಂಡೊಂದನ್ನು ಹೆಗಲ ಮೇಲೆ ಹೊತ್ತು ತಂದು, ಯಾರೂ ತುಳಿಯದ ಹಾಗೆ ಗಿಡದ ಸುತ್ತ ಮಣ್ಣಿನಲ್ಲಿ ನಿಲ್ಲಿಸಿದ. ಮುಂದಿನ ಬೇಸಿಗೆಯಲ್ಲಿ ಎಳೆಯ ಎಲೆಗಳಿಗೆ ಹಸಿರು ಹುಳು ಹತ್ತಿತು. ಚಿಕ್ಕಮ್ಮ ಗಾಬರಿಯಾಗಿ ಪಂಪಿನ ಮನೆಗೇ ಫೋನು ಮಾಡಿದಳು. ಅವನು ವಿಚಾರಿಸಿಕೊಂಡು ಬಂದು, "ಚಿಟ್ಟೆಯ ಹುಳು ಅಂತೆ. ತಿಂದು ಹೋಗ್ತವೆ, ಮತ್ತೆ ಚಿಗುರುತ್ತಂತೆ, ಬಿಡು" ಎಂದ. ಹಾಗೇ ಆಯಿತು.

ಅವತ್ತು ಟೀ ಲೋಟ ತೆಗೆದುಕೊಳ್ಳುತ್ತ ಅವಳು ಹೇಳಿದಳು: "ಮನೆಗೆ ಬನ್ನಿ."

"ಬರ್ತಾ ಇದೀನಲ್ಲ, ವಾರ ವಾರ."

"ಬರೋದಲ್ಲ. ಇರೋದು." ಲೋಟವನ್ನು ಮೆಟ್ಟಿಲ ಮೇಲಿಟ್ಟು, "ಆವತ್ತು ನಾನು ಹಾಗೆ ಕಿತ್ತಿದ್ದು..." ಎಂದಳು.

"ಆ ಸಿಟ್ಟು ಆವತ್ತೇ ಹೋಯ್ತು ಕಣೇ. ನಿನ್ನ ಮೇಲೆ ಏನೂ ಇಲ್ಲ ನನಗೆ. ಆ ಕೋಣೆ ಬಾಗಿಲು ದಾಟಿಕೊಂಡು ಬಚ್ಚಲಿಗೆ ಹೋಗಬೇಕಲ್ಲ, ಅದು ಆಗಲ್ಲ. ಭಾನುವಾರ ಒಂದು ಗಂಟೆ ತಡ್ಕೋತೀನಿ. ಅದಕ್ಕಿಂತ ಹೆಚ್ಚು ತಡ್ಕೊಳ್ಳೋಕೆ ಆಗಲ್ಲ."

"ನಾನು ತಡ್ಕೊಂಡಿಲ್ವಾ?"

"ನೀನು ಗಟ್ಟಿ."

"ಗಟ್ಟಿ ಅಲ್ಲ ಕಣ್ರೀ" ಎಂದಳು ಅವಳು. "ನನಗೆ ಹೋಗೋಕೆ ಪಂಪಿನ ಮನೆ ಇರಲಿಲ್ಲ."

ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದೆ.

ಅವನು ನಿವೃತ್ತನಾದ. ವರ್ಷಾನುಗಟ್ಟಲೆ ನೀರಲ್ಲಿ ನಿಂತ ಮಂಡಿಗಳು ಕೈಕೊಟ್ಟವು. ಬಹಳ ದೂರದ ಊರಿನಲ್ಲಿದ್ದ ತಮ್ಮ ಬಂದು ಕರೆದುಕೊಂಡು ಹೋದ. ಬೇರೆಯಾದೆವು ಎಂದು ಗಂಡ ಹೆಂಡತಿ ಯಾರಿಗೂ ಹೇಳಲಿಲ್ಲ, ತಮಗೆ ತಾವೂ ಹೇಳಿಕೊಳ್ಳಲಿಲ್ಲ. ಭಾನುವಾರದ ಭೇಟಿ ಭಾನುವಾರದ ಫೋನಾಯಿತು. ಮಂಡಿಗೆ ಯಾವ ಎಣ್ಣೆ, ಅಂಗಡಿಯಲ್ಲಿ ಯಾರು ಬಂದಿದ್ದರು, ಸೂರಿನ ಕೊಳವೆ ಸರಿಯಿದೆಯೇ. ಗಿಡ ಎಷ್ಟೆತ್ತರ ಆಯಿತು ಎಂದು ಪ್ರತಿ ಸಲ ಕೇಳುವನು. ಅವಳು ಕಿಟಕಿಯ ಲೆಕ್ಕದಲ್ಲಿ ಹೇಳುವಳು: ಕಿಟಕಿಯ ಕೆಳಗಿನ ಚೌಕಟ್ಟಿಗೆ ಬಂತು, ನಡುವಿನ ಕಂಬಿಗೆ ಬಂತು, ದಾಟಿತು.

ಮರವಾಯಿತು. ನರ್ಸರಿಯವನು ಹೇಳಿದ ಹಾಗೆ ಅದು ಯಾರ ಕ್ಯಾಲೆಂಡರನ್ನೂ ಕೇಳಲಿಲ್ಲ. ಚಳಿಯಲ್ಲಿ ಇನ್ನೂ ಎಲೆ ಹೊತ್ತುಕೊಂಡೇ ಇರುತ್ತಿತ್ತು, ಬಿಸಿಲು ಬೇಕಾದಾಗ ನೆರಳು ಕೊಡುತ್ತಿತ್ತು. ಚಿಕ್ಕಮ್ಮ ಆ ಬಗ್ಗೆ ದೂರಲಿಲ್ಲ. ರಾಶಿರಾಶಿ ಎಲೆ ಉದುರಿದಾಗ ಗುಡಿಸಿ ಮೂಲೆಗೆ ಹಾಕುತ್ತಿದ್ದಳು. ಪರದೆ ಸರಿಸಿ, ಕಿಟಕಿಯ ಗಾಜಿನ ಮೇಲೆ ಬೋಳು ಕೊಂಬೆಯ ನೆರಳು ಅಲ್ಲಾಡುವುದನ್ನು ನೋಡುತ್ತ, ಮಗಳ ಮಂಚದ ತುದಿಯಲ್ಲಿ ಕೂತಿರುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಮೊದಲ ಸಲ ಹೂಬಿಟ್ಟಿತು. ನಾನು ಹೋದಾಗ ಅವಳು ಅಂಗಳದಲ್ಲಿ ಕತ್ತೆತ್ತಿ ನಿಂತಿದ್ದಳು. ಒಂದೂ ಎಲೆಯಿಲ್ಲ, ಕೊಂಬೆ ಕೊಂಬೆಗೂ ಹಳದಿಯ ಗೊಂಚಲು. ಗೋಡೆಯೂ, ಕಿಟಕಿಯೂ, ಅವಳ ನರೆತ ತಲೆಯೂ ಹಳದಿ. ಅಂಗಳದ ತುಂಬ ದುಂಬಿಗಳ ಸದ್ದು. ಭಾನುವಾರಕ್ಕೆ ಕಾಯದೆ ಅವಳು ಫೋನು ಮಾಡಿದಳು.

"ಬಿಟ್ಟಿದೆ ಕಣ್ರೀ" ಎಂದಳು.

ಪಕ್ಕದಲ್ಲಿ ನಿಂತ ನನಗೂ ಆಚೆಯ ದನಿ ಕೇಳಿಸಿತು: "ಗೊಂಚಲು ಎಷ್ಟು ಉದ್ದ ಇದೆ?"

"ಒಂದು ಮೊಳ. ಕೆಲವು ಇನ್ನೂ ಉದ್ದ."

"ಹೂಂ."

"ನೋಡೋಕೆ ಬನ್ನಿ. ತಮ್ಮನ ಮಗನಿಗೆ ಹೇಳಿದರೆ ಕಾರಲ್ಲಿ ಕರ್ಕೊಂಡು ಬರಲ್ವಾ?"

"ಈ ಸಲ ಬೇಡ." ಅವನ ಉಸಿರು ನನಗೂ ಕೇಳಿಸುತ್ತಿತ್ತು. "ಮಂಡಿ ನೋವಿದೆ."

"ಹೂಂ. ಮಂಡಿ ನೋವಿದ್ದರೆ ಬೇಡ."

"ಅವಳಿಗೆ ಇಷ್ಟ ಆಗ್ತಿತ್ತಾ?" ಎಂದು ಅವನು ಕೇಳಿದ.

ಚಿಕ್ಕಮ್ಮ ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಗೊತ್ತಿಲ್ಲ ಕಣ್ರೀ" ಎಂದಳು. "ಅವಳನ್ನ ಸರಿಯಾಗಿ ಕೇಳಲೇ ಇಲ್ಲ ನಾವು."

ಇಬ್ಬರೂ ಫೋನು ಇಡಲಿಲ್ಲ. ಅವಳು ಅದನ್ನು ಕಿವಿಗೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಳು, ಗಾಳಿ ಬೀಸಿದಾಗ ಹೂವಿನ ಎಸಳು ಮಡಿಲಿಗೆ ಬಿದ್ದವು. ಇನ್ನೊಂದು ಕೈ ಖಾಲಿಯಿದ್ದರೂ ಅವಳು ಅವನ್ನು ಕೊಡವಲಿಲ್ಲ. ನಾನು ಒಳಗೆ ಹೋಗಿ ಟೀಗೆ ನೀರಿಟ್ಟೆ.